ಹೆಬ್ಬೆಟ್ಟಿಗೊಂದು ಬೀಗ



2024ರ ಅಕ್ಟೋಬರ್ 28, ಸೋಮವಾರ. ದೀಪಾವಳಿಗೆ ಇನ್ನು ಮೂರೇ ದಿನ. ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆಗೆದಾಗ ಒಳಗೆ ಖಾರದ ಪುಡಿ ಚೆಲ್ಲಾಡಿತ್ತು. ಕಿಟಕಿಯ ಸರಳು ಕತ್ತರಿಸಿ ಬಂದವರು ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು, ಜನ ಅಡವಿಟ್ಟಿದ್ದ 17 ಕೆಜಿ 700 ಗ್ರಾಂ ಬಂಗಾರ ಹೊತ್ತೊಯ್ದಿದ್ದರು. ಊರಿಗೆ ಊರೇ ಬ್ಯಾಂಕಿನ ಮುಂದೆ ಸೇರಿತು. ಮಾಂಗಲ್ಯ ಇಟ್ಟು ಸಾಲ ತಂದವರು, ಮಗಳ ಮದುವೆಯ ಬಳೆ ಇಟ್ಟು ಬೋರ್‌ವೆಲ್ ಕೊರೆಸಿದವರು ಎದೆ ಹಿಡಿದುಕೊಂಡು ನಿಂತರು. ದಾವಣಗೆರೆ ಪೊಲೀಸರು ತಿಂಗಳುಗಟ್ಟಲೆ ಜಾಡು ಹಿಡಿದು ಹೋಗಿ, 2025ರ ಮಾರ್ಚ್ ಹೊತ್ತಿಗೆ ಆ ಬಂಗಾರವನ್ನು ಪತ್ತೆ ಮಾಡಿದರು. ಅದರ ಬಹುಪಾಲು ತಮಿಳುನಾಡಿನ ಮದುರೈ ಸೀಮೆಯ ಒಂದು ಬಾವಿಯೊಳಗಿತ್ತು.

ಆ ಕಳ್ಳತನ ಕಣ್ಣಿಗೆ ಕಾಣುವಂಥದ್ದು. ಮುರಿದ ಕಿಟಕಿ ಇತ್ತು, ಕೊರೆದ ಲಾಕರ್ ಇತ್ತು, ಓಡಿದವರ ಜಾಡಿತ್ತು. ಈ ಹೊತ್ತು ಹೇಳಬೇಕಾಗಿರುವುದು ಇನ್ನೊಂದು ಕಳ್ಳತನದ ವಿಚಾರ. ಅದಕ್ಕೆ ಗ್ಯಾಸ್ ಕಟರ್ ಬೇಡ, ಕಿಟಕಿಯೂ ಬೇಡ. ಅಲ್ಲಿ ಕದಿಯುವುದು ಬಂಗಾರವನ್ನಲ್ಲ, ಮನುಷ್ಯನ ಗುರುತನ್ನು. ಅವನ ಹೆಸರು, ಅವನ ಆಧಾರ್ ಸಂಖ್ಯೆ, ಅವನ ಫೋನ್ ನಂಬರು, ಅವನ ಹೆಬ್ಬೆಟ್ಟು. ಕಳೆದುಕೊಂಡವನಿಗೆ ಅದು ಗೊತ್ತಾಗುವುದು ಎಷ್ಟೋ ದಿನದ ಮೇಲೆ, ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ.

ಚನ್ನಗಿರಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ ಎಂದಿಟ್ಟುಕೊಳ್ಳೋಣ. ಕೊಯ್ಲು ಮುಗಿದಿದೆ, ಮಂಡಿಯಿಂದ ದುಡ್ಡು ಖಾತೆಗೆ ಬಂದಿದೆ. ಅವನು ಯಾರಿಗೂ ಒಟಿಪಿ ಹೇಳಿಲ್ಲ. ಎಟಿಎಂ ಕಾರ್ಡೇ ಅವನ ಹತ್ತಿರ ಇಲ್ಲ. ಆದರೂ ಖಾತೆಯಿಂದ ಹತ್ತು ಸಾವಿರ ಹೋಗಿದೆ, ಮಾರನೆ ದಿನ ಇನ್ನೊಂದು ಹತ್ತು ಸಾವಿರ, ಅದರ ಮಾರನೆ ದಿನ ಮತ್ತೊಂದು. ಪಾಸ್‌ಬುಕ್ಕಿನಲ್ಲಿ ಆ ಸಾಲುಗಳ ಪಕ್ಕ ಎಇಪಿಎಸ್ ಎಂಬ ನಾಲ್ಕಕ್ಷರ ಅಚ್ಚಾಗಿದೆ. ಅವನ ಕಣ್ಣು ಆ ನಾಲ್ಕಕ್ಷರದ ಮೇಲೆ ನಿಲ್ಲುವುದೇ ಇಲ್ಲ, ಕಳೆದುಹೋದ ಮೊತ್ತದ ಮೇಲೆ ನಿಲ್ಲುತ್ತದೆ.

ಎಇಪಿಎಸ್ ಎಂದರೆ ಆಧಾರ್ ಆಧರಿಸಿದ ಹಣ ಪಾವತಿ ವ್ಯವಸ್ಥೆ. ಹಳ್ಳಿಯಲ್ಲಿ ಅಂಗಡಿಯ ಮೂಲೆಗೆ ಕೂತ ಬ್ಯಾಂಕ್ ಮಿತ್ರನ ಹತ್ತಿರ ಹೋಗಿ, ಆಧಾರ್ ಸಂಖ್ಯೆ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ದುಡ್ಡು ಕೈಗೆ ಬರುತ್ತದೆ. ಕಾರ್ಡು ಬೇಡ, ಪಿನ್ ಬೇಡ, ಒಟಿಪಿ ಬೇಡ. ಪಿಂಚಣಿ ತರಲು ಹೋಬಳಿ ಕೇಂದ್ರದ ತನಕ ಬಸ್ ಹತ್ತಲಾಗದ ಅಜ್ಜಿಯರಿಗೆ ಇದು ನಿಜವಾದ ಉಪಕಾರ. ಆದರೆ ಈ ಉಪಕಾರವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಯಂತ್ರದ ಮೇಲಿರುವ ಬೆರಳು ಖಾತೆದಾರನದೇ ಎಂಬ ನಂಬಿಕೆ.

2023ರಲ್ಲಿ ಆ ನಂಬಿಕೆಗೆ ಕನ್ನಡನಾಡಿನಲ್ಲೇ ಪೆಟ್ಟು ಬಿತ್ತು. ಬೆಂಗಳೂರು ಮತ್ತು ಮಂಗಳೂರಿನಲ್ಲಿ ಖಾತೆಯಿಂದ ದುಡ್ಡು ಹೋಯಿತೆಂದು ಒಬ್ಬರ ಹಿಂದೆ ಒಬ್ಬರಂತೆ ಜನ ಠಾಣೆಗೆ ಬಂದರು. ಯಾರೂ ಒಟಿಪಿ ಕೊಟ್ಟವರಲ್ಲ, ಯಾವ ಲಿಂಕನ್ನೂ ಒತ್ತಿದವರಲ್ಲ. ವಿಚಾರಿಸುತ್ತ ಹೋದಾಗ ಅವರಲ್ಲಿ ಅನೇಕರಿಗೆ ಸಮಾನವಾದ ಒಂದು ಸಂಗತಿ ಸಿಕ್ಕಿತು. ಅವರು ಇತ್ತೀಚೆಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಜಮೀನನ್ನೋ ಮನೆಯನ್ನೋ ನೋಂದಾಯಿಸಿದ್ದರು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಕ್ರಯಪತ್ರದ ಪ್ರತಿ ಪಡೆಯಬಹುದಿತ್ತು, ಅದರಲ್ಲಿ ಮಾರಿದವರ, ಕೊಂಡವರ ಬೆರಳಚ್ಚು ಸ್ಪಷ್ಟವಾಗಿ ಇರುತ್ತಿತ್ತು. ಆಧಾರ್ ವಿವರವೂ ಅದೇ ಕಾಗದದಲ್ಲಿ ಸಿಗುತ್ತಿತ್ತು. ಕಳ್ಳರು ಆ ಅಚ್ಚನ್ನು ತೆಗೆದು, ರಬ್ಬರಿನಂಥ ತೆಳು ಪದರದ ಮೇಲೆ ಮೂಡಿಸಿ, ಎಲ್ಲೋ ದೂರದ ಊರಿನ ಯಂತ್ರದ ಮೇಲೆ ಒತ್ತುತ್ತಿದ್ದರು. ಆ ವರ್ಷ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಇಂಥ ಪ್ರಕರಣದಲ್ಲಿ ಬಿಹಾರದಿಂದ ಮೂವರನ್ನು ಹಿಡಿದು ತಂದರು.

ಆಮೇಲೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಅಂಕಿಗಳನ್ನು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಆಧಾರ್ ಪ್ರಾಧಿಕಾರ ಅದೇ ವರ್ಷ, ಯಂತ್ರದ ಮೇಲಿರುವುದು ಜೀವಂತ ಬೆರಳೋ ಅಲ್ಲವೋ ಎಂದು ಗುರುತಿಸುವ ಹೊಸ ಪರೀಕ್ಷೆಯನ್ನು ಜಾರಿಗೆ ತಂದಿತು. ಬಾಗಿಲು ಮೊದಲಿಗಿಂತ ಭದ್ರವಾಯಿತು. ಆದರೆ ಅದಕ್ಕೂ ಮೊದಲೇ ಹೊರಗೆ ಹೋದ ಅಚ್ಚುಗಳು ಹೋಗಿಯೇ ಹೋದವು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಎಟಿಎಂ ಕಾರ್ಡ್ ಹೋದರೆ ಹೊಸದು ಬರುತ್ತದೆ. ಹೆಬ್ಬೆಟ್ಟು ಹೊಸದು ಬರುವುದಿಲ್ಲ.

ಈ ಹೆಬ್ಬೆಟ್ಟಿನ ಕತೆಯೇ ವಿಚಿತ್ರ. ಕಚೇರಿಯ ಕಾಗದದ ಮೇಲೆ ಬೆರಳು ಒತ್ತುವ ಪದ್ಧತಿ ಭಾರತದಲ್ಲಿ ಗಟ್ಟಿಯಾದದ್ದೇ ಮೋಸ ತಡೆಯಲಿಕ್ಕೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಇಡೀ ಅಂಗೈಯನ್ನೇ ಒತ್ತಿಸಿಕೊಂಡ. 1877ರಲ್ಲಿ ಹೂಗ್ಲಿ ಜಿಲ್ಲೆಯ ಮ್ಯಾಜಿಸ್ಟ್ರೇಟ್ ಆದಾಗ ಅದೇ ಪದ್ಧತಿಯನ್ನು ಬೆರಳಚ್ಚಿನ ರೂಪದಲ್ಲಿ ಮೂರು ಕಡೆ ತಂದ: ಜೈಲಿನಲ್ಲಿ, ಪಿಂಚಣಿ ಕೊಡುವಲ್ಲಿ, ಮತ್ತು ದಸ್ತಾವೇಜು ನೋಂದಣಿಯಲ್ಲಿ. ಸತ್ತವರ ಹೆಸರಿನಲ್ಲಿ ಬದುಕಿದವರು ಪಿಂಚಣಿ ಎತ್ತುತ್ತಿದ್ದರು, ಒಬ್ಬರ ಜಮೀನನ್ನು ಇನ್ನೊಬ್ಬರು ಬರೆದುಕೊಡುತ್ತಿದ್ದರು. ಅದಕ್ಕೇ ಬೆರಳು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು, ಜಗತ್ತಿನಲ್ಲೇ ಮೊದಲನೆಯದು. ಗುರುತಿನ ಕಾವಲಿಗೆಂದು ನೋಂದಣಿ ಪುಸ್ತಕಕ್ಕೆ ಬಂದ ಹೆಬ್ಬೆಟ್ಟು, ಸುಮಾರು ಒಂದೂವರೆ ಶತಮಾನದ ನಂತರ ಅದೇ ನೋಂದಣಿ ಕಾಗದದಿಂದ ಕಳುವಾಯಿತು.

ಹಾಗಾದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನ ಏನು ಮಾಡಬೇಕು? ಮೊದಲು ತಮ್ಮ ಹೆಬ್ಬೆಟ್ಟು ಎಲ್ಲೆಲ್ಲಿ ಬೀಳುತ್ತದೆ ಎಂದು ಎಣಿಸಬೇಕು.

ನ್ಯಾಯಬೆಲೆ ಅಂಗಡಿ ಒಂದು. ಬ್ಯಾಂಕ್ ಮಿತ್ರ ಎರಡು. ಸಿಮ್ ಮಾರುವವನು ಮೂರು. ಗ್ರಾಮ ಒನ್ ಕೇಂದ್ರ, ಪಿಎಂ ಕಿಸಾನ್ ಇ-ಕೆವೈಸಿ, ಸಂಘದ ಸಾಲ ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಬಹುಪಾಲು ಕಡೆ ಕೂತಿರುವವರು ಪ್ರಾಮಾಣಿಕರು. ಆದರೆ ಬೆರಳು ಕೊಡುವವರು ಒಂದು ವಿಷಯ ತಿಳಿದಿರಬೇಕು. ಅಡಿಕೆ ಸುಲಿಯುವ ಹೆಂಗಸರ ಬೆರಳು ಕರೆಗಟ್ಟಿರುತ್ತದೆ. ಜಗಳೂರಿನ ಎರೆ ಹೊಲದಲ್ಲಿ ಈರುಳ್ಳಿ ಕಿತ್ತ ಕೈ, ಹೊನ್ನಾಳಿಯ ಗದ್ದೆಯಲ್ಲಿ ನಾಟಿ ಮಾಡಿದ ಕೈ ಸವೆದಿರುತ್ತದೆ. ಯಂತ್ರಕ್ಕೆ ಆ ಗೆರೆ ಒಂದೇ ಸಲಕ್ಕೆ ಸಿಗುವುದಿಲ್ಲ. ಹಾಗಾಗಿ "ಸರಿಯಾಗಿ ಬೀಳ್ಲಿಲ್ಲ ಅಜ್ಜಿ, ಇನ್ನೊಂದ್ಸಲ ಒತ್ತು" ಎನ್ನುವ ಮಾತು ಹಳ್ಳಿಯಲ್ಲಿ ಮಾಮೂಲು. ಮೋಸಗಾರ ಅಡಗಿಕೊಳ್ಳುವುದೂ ಇದೇ ಮಾತಿನ ಹಿಂದೆ. ಮೊದಲ ಸಲವೇ ದುಡ್ಡು ಬಂದಿರುತ್ತದೆ, ಎರಡನೇ ಒತ್ತಿಗೆ ಇನ್ನೊಂದು ಸಲ ಖಾತೆಯಿಂದ ಹೋಗುತ್ತದೆ. ಕೆಲವು ಕಡೆ "ಸರ್ವರ್ ಡೌನ್, ನಾಳೆ ಬಾ" ಎಂದು ಕಳಿಸಿಬಿಡುತ್ತಾರೆ, ದುಡ್ಡು ಅಷ್ಟರಲ್ಲೇ ಹೊರಟಿರುತ್ತದೆ.

ಇದಕ್ಕೆ ಮದ್ದು ಒಂದು ಚೀಟಿ. ಪ್ರತಿ ಸಲ ಬೆರಳಿಟ್ಟಾಗಲೂ, ವ್ಯವಹಾರ ಆದರೂ ಆಗದಿದ್ದರೂ, ರಸೀದಿ ಕೇಳಬೇಕು. ರಸೀದಿಯಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದಿರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗನಿಂದಾದರೂ ಓದಿಸಬೇಕು. ಬ್ಯಾಂಕಿನ ಮೆಸೇಜ್ ಬರುವ ಫೋನ್ ನಂಬರು ಈಗಲೂ ತಮ್ಮದೇ ಹೌದೋ ಎಂದು ಶಾಖೆಗೆ ಹೋಗಿ ಒಮ್ಮೆ ವಿಚಾರಿಸಬೇಕು.

ಎರಡನೆಯ ಮದ್ದು ಇನ್ನೂ ದೊಡ್ಡದು, ಆದರೆ ಬಳಸುವವರು ಕಡಿಮೆ. ಅದು ಬಯೋಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಅಧಿಕೃತ ಆ್ಯಪ್‌ನಲ್ಲಾಗಲಿ ಮೈ ಆಧಾರ್ ಜಾಲತಾಣದಲ್ಲಾಗಲಿ, ಫೋನಿಗೆ ಬರುವ ಒಟಿಪಿ ಹಾಕಿ ತಮ್ಮ ಬೆರಳು, ಕಣ್ಣು, ಮುಖ ಮೂರಕ್ಕೂ ಬೀಗ ಹಾಕಬಹುದು. ಬೀಗ ಬಿದ್ದ ಮೇಲೆ ಯಾವ ಯಂತ್ರದ ಮೇಲೆ ಯಾರು ಬೆರಳಿಟ್ಟರೂ, ಅದು ನಕಲಿಯಾಗಲಿ ಅಸಲಿಯಾಗಲಿ, ಕೆಲಸ ಮಾಡುವುದಿಲ್ಲ. ಅಗತ್ಯ ಬಿದ್ದಾಗ ಕೆಲವು ನಿಮಿಷದ ಮಟ್ಟಿಗೆ ತೆಗೆಯಬಹುದು, ಅದು ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಫೋನ್ ಬಳಸಲು ಬಾರದವರು ಆಧಾರ್ ಕೇಂದ್ರಕ್ಕೇ ಹೋಗಿ ಮಾಡಿಸಿಕೊಳ್ಳಬಹುದು.

ಲಾಕ್ ಮಾಡಿದರೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋಗುತ್ತದೆ, ಪಿಎಂ ಕಿಸಾನ್ ಕಂತು ಬರುವುದಿಲ್ಲ ಎಂಬ ಭಯ ಜನರಲ್ಲಿರಬಹುದು. ಹಾಗಾಗುವುದಿಲ್ಲ. ಸರ್ಕಾರದ ದುಡ್ಡು ಖಾತೆಗೆ ಜಮೆಯಾಗಲು ಬೆರಳು ಬೇಕಿಲ್ಲ. ಬೆರಳು ಬೇಕಾಗುವುದು ರೇಷನ್ ತರುವಾಗ. ಅಲ್ಲಿಯೂ ಕಾರ್ಡಿನಲ್ಲಿ ಹೆಸರಿರುವ ಒಬ್ಬರು ಹೋಗಿ ಒತ್ತಿದರೆ ಸಾಕು. ಮನೆಯಲ್ಲಿ ಐದು ಜನ ಇದ್ದರೆ, ರೇಷನ್ ತರುವ ಒಬ್ಬರದನ್ನು ಬಿಟ್ಟು ಉಳಿದ ನಾಲ್ವರ ಹೆಬ್ಬೆಟ್ಟಿಗೆ ಇವತ್ತೇ ಬೀಗ ಹಾಕಬಹುದು. ಮುಖ್ಯವಾಗಿ ಅಡಿಕೆ ದುಡ್ಡು, ಮೆಕ್ಕೆಜೋಳದ ದುಡ್ಡು ಬೀಳುವ ಖಾತೆ ಯಾರ ಹೆಸರಿನಲ್ಲಿದೆಯೋ ಅವರದಕ್ಕೆ. ಲಾಕ್ ಬೇಡವೆನ್ನುವವರು ತಮ್ಮ ಖಾತೆಯಿಂದ ಎಇಪಿಎಸ್ ಮೂಲಕ ಹಣ ತೆಗೆಯುವ ಸೌಲಭ್ಯವನ್ನೇ ನಿಲ್ಲಿಸುವಂತೆ ಬ್ಯಾಂಕಿಗೆ ಅರ್ಜಿ ಕೊಡಬಹುದು.

ಇನ್ನು ಜೆರಾಕ್ಸ್ ವಿಚಾರ. ತಾಲ್ಲೂಕು ಕಚೇರಿಯ ಎದುರು ಆಧಾರ್ ಪ್ರತಿ ತೆಗೆಸುವಾಗ ಒಂದು ಮಸುಕಾಗಿ ಬಂತೆಂದು ಅಲ್ಲೇ ಬಿಟ್ಟು ಬರುವವರಿದ್ದಾರೆ. ಪ್ರಿಂಟ್ ತೆಗೆಯಲೆಂದು ಅಂಗಡಿಯವರ ವಾಟ್ಸಾಪಿಗೆ ಕಳಿಸಿದ ಕಾರ್ಡಿನ ಚಿತ್ರ ಅಲ್ಲಿಯೇ ಉಳಿಯುತ್ತದೆ. ಸರಳವಾದ ಅಭ್ಯಾಸಗಳು ಇಲ್ಲಿ ಕೈ ಹಿಡಿಯುತ್ತವೆ. ಕೆಟ್ಟ ಪ್ರತಿಯನ್ನು ಹರಿದು ಹಾಕುವುದು. ಕೊಡುವ ಪ್ರತಿಯ ಮೇಲೆ, ಚಿತ್ರದ ಮೇಲೆ ಹಾಯುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆದು ಸಹಿ ಮಾಡುವುದು. "ಬೆಳೆಸಾಲಕ್ಕೆ ಮಾತ್ರ" ಎಂದು ಬರೆದ ಕಾಗದದಲ್ಲಿ ಸಿಮ್ ತೆಗೆಯುವುದು ಕಷ್ಟ. ಲಾಡ್ಜ್‌ಗೋ ಬಾಡಿಗೆ ಮನೆಗೋ ಗುರುತು ತೋರಿಸಬೇಕಾದಾಗ, ಕೊನೆಯ 4 ಅಂಕಿ ಮಾತ್ರ ಕಾಣುವ, ಉಳಿದ 8 ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು.

ಫೋನ್ ನಂಬರಿಗೂ ಇದೇ ಎಚ್ಚರ ಬೇಕು. ಮಳೆ ಕೈಕೊಟ್ಟ ವರ್ಷ ಜಗಳೂರಿನ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ತಾಂಡಾಗಳ ಬಂಜಾರ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ಬಿಡಿಸಲು ತಿಂಗಳುಗಟ್ಟಲೆ ಊರು ಬಿಡುತ್ತವೆ. ಹೋದಲ್ಲಿ ಹೊಸ ಸಿಮ್ ಬರುತ್ತದೆ, ಹಳೆಯದಕ್ಕೆ ರೀಚಾರ್ಜ್ ನಿಲ್ಲುತ್ತದೆ. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಆಧಾರ್‌ಗೂ ಬ್ಯಾಂಕಿಗೂ ಹಳೆಯ ನಂಬರೇ ಜೋಡಣೆಯಾಗಿದ್ದರೆ, ಒಟಿಪಿ ಹೋಗುವುದು ಗುರುತಿಲ್ಲದವನ ಕೈಗೆ. ಸಿಮ್ ಬಿಡುವ ಮೊದಲೇ ಆಧಾರ್ ಕೇಂದ್ರದಲ್ಲಿ ಮತ್ತು ಬ್ಯಾಂಕಿನಲ್ಲಿ ಹೊಸ ನಂಬರು ಕೊಡಬೇಕು.

ತಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ತೆಗೆದಿದ್ದಾರೋ ಎಂದು ತಿಳಿಯಲೂ ದಾರಿಯಿದೆ. ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಶುರು ಮಾಡಿದ ಸಂಚಾರ್ ಸಾಥಿ ಜಾಲತಾಣದಲ್ಲಿ ನಂಬರು ಹಾಕಿದರೆ, ಆ ವ್ಯಕ್ತಿಯ ಹೆಸರಿನಲ್ಲಿ ಓಡುತ್ತಿರುವ ಎಲ್ಲ ಸಿಮ್‌ಗಳ ಪಟ್ಟಿ ಬರುತ್ತದೆ. ಕರ್ನಾಟಕದಲ್ಲಿ ಒಬ್ಬರ ಹೆಸರಿಗೆ ಹೆಚ್ಚೆಂದರೆ 9 ಸಿಮ್ ಇರಬಹುದು. ಪಟ್ಟಿಯಲ್ಲಿ ತಮ್ಮದಲ್ಲದ ನಂಬರು ಕಂಡರೆ "ಇದು ನನ್ನದಲ್ಲ" ಎಂದು ಅಲ್ಲೇ ದೂರು ಕೊಡಬಹುದು. ಆ ಸಿಮ್‌ನಿಂದ ಯಾರಿಗೋ ಮೋಸವಾದರೆ ಪೊಲೀಸರು ಮೊದಲು ಬಂದು ತಟ್ಟುವುದು ಹೆಸರಿನ ಒಡೆಯನ ಬಾಗಿಲನ್ನೇ.

ಸಾಲದ ವಿಚಾರ ಇನ್ನೂ ಸೂಕ್ಷ್ಮ. ಸಂಘದಲ್ಲಿ ಒಬ್ಬಳಿಗೆ ಸಾಲ ಸಿಗದಿದ್ದಾಗ "ಅಕ್ಕ, ನಿನ್ ಹೆಸ್ರಲ್ಲಿ ತಗೊಡು, ಕಂತು ನಾನೇ ಕಟ್ತೀನಿ" ಎಂದು ಪಕ್ಕದ ಮನೆಯವಳು ಕೇಳುತ್ತಾಳೆ. ಕೇಳುವವಳಿಗೆ ಮೋಸದ ಬುದ್ಧಿ ಇರದೇ ಇರಬಹುದು. ಆದರೆ ಕಂತು ನಿಂತ ದಿನ ವಸೂಲಿಗೆ ಬರುವುದು ಆಧಾರ್ ಕೊಟ್ಟವಳ ಮನೆಗೆ. ಗೊತ್ತಿಲ್ಲದೆಯೇ ಹೆಸರಿನಲ್ಲಿ ಸಾಲ ಏರುವುದೂ ಉಂಟು. ಸಿಬಿಲ್ ಸೇರಿದಂತೆ ಸಾಲದ ಲೆಕ್ಕ ಇಡುವ 4 ಸಂಸ್ಥೆಗಳು ದೇಶದಲ್ಲಿವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಯುಗಾದಿಗೆ ಪಂಚಾಂಗ ಕೇಳುವ ಮನೆಗಳು ಅದೇ ದಿನ ಆ ವರದಿಯನ್ನೂ ಒಮ್ಮೆ ತೆಗೆಸಿ ನೋಡಿದರೆ, ತಮ್ಮದಲ್ಲದ ಸಾಲ ಅಲ್ಲೇ ಬಯಲಾಗುತ್ತದೆ.

ಮಕ್ಕಳಿಗೆ ಹೇಳಬೇಕಾದ ಒಂದು ಮಾತಿದೆ. "ನಿನ್ನ ಖಾತೆ, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಎಂದು ಕಾಲೇಜು ಹುಡುಗರನ್ನು ಹುಡುಕಿಕೊಂಡು ಬರುವವರಿದ್ದಾರೆ. ಎಲ್ಲೋ ದೋಚಿದ ದುಡ್ಡು ಆ ಖಾತೆಗಳ ಮೂಲಕ ಹರಿದು ಹೋಗುತ್ತದೆ. ಖಾತೆ ಬಾಡಿಗೆಗೆ ಕೊಟ್ಟ ಹುಡುಗ, ದುಡ್ಡಿನ ಮುಖ ನೋಡದೆಯೇ ಆರೋಪಿಯಾಗುತ್ತಾನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದಕ್ಕೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದೋ, ಪಿಎಂ ಕಿಸಾನ್ ಪಟ್ಟಿ ಎಂದೋ ಬರುವ ಫೈಲುಗಳ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಅಕ್ಷರ ಇದ್ದರೆ ಅದು ಪತ್ರವಲ್ಲ, ಫೋನಿನೊಳಗೆ ಇಳಿಯುವ ಆ್ಯಪ್. ಅದು ಒಳಗೆ ಕೂತು ಮೆಸೇಜುಗಳನ್ನು ಓದುತ್ತದೆ, ಒಟಿಪಿಯನ್ನು ಕಳ್ಳನಿಗೆ ಕಳಿಸುತ್ತದೆ. ಗುರುತಿನವರ ನಂಬರಿನಿಂದಲೇ ಬಂದರೂ ಅದನ್ನು ತೆರೆಯಬಾರದು, ಏಕೆಂದರೆ ಅವರ ಫೋನೂ ಹೀಗೆಯೇ ಕಳ್ಳನ ಕೈಗೆ ಹೋಗಿರಬಹುದು.

"ನಿಮ್ಮ ಆಧಾರ್‌ನಲ್ಲಿ ಮಾದಕವಸ್ತುವಿನ ಪಾರ್ಸೆಲ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಎಂದು ಹೆದರಿಸುವ ಕರೆಗಳೂ ಬರುತ್ತವೆ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ್ದು ವಿಜಯಪುರದ ಒಬ್ಬರಿಗೆ ಬಂದ ಇಂಥದೇ ಕರೆಯನ್ನು. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ.

ಇಷ್ಟೆಲ್ಲ ಎಚ್ಚರದ ಮೇಲೂ ದುಡ್ಡು ಹೋಯಿತು ಎಂದಾದರೆ? ಮೊದಲ ಕೆಲಸ 1930ಕ್ಕೆ ಫೋನ್ ಮಾಡುವುದು. ಇನ್ನೊಮ್ಮೆ ಹೇಳುವುದಾದರೆ, ಒಂದು ಒಂಬತ್ತು ಮೂರು ಸೊನ್ನೆ. ದುಡ್ಡು ಕಳ್ಳನ ಖಾತೆಯಲ್ಲಿ ಇನ್ನೂ ನಿಂತಿರುವಾಗಲೇ ತಡೆಹಿಡಿಸಲು ಇರುವ ಸಹಾಯವಾಣಿ ಇದು. ಅರ್ಧ ಗಂಟೆ ತಡವಾದರೂ ಅದು ನಾಲ್ಕೈದು ಖಾತೆಗಳಿಗೆ ಹಂಚಿಹೋಗಬಹುದು. ಎರಡನೆಯದು, ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯುವುದು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ನಷ್ಟ ಹೊರಬೇಕಿಲ್ಲ. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಒಂದು ಮಿತಿಯಿದೆ. ಒಟಿಪಿಯನ್ನೋ ಪಿನ್ನನ್ನೋ ತಾನೇ ಹೇಳಿಬಿಟ್ಟಿದ್ದರೆ, ದೂರು ಕೊಡುವ ತನಕದ ನಷ್ಟ ಅವನದೇ. ಮೂರನೆಯದು, ಹತ್ತಿರದ ಠಾಣೆ ಅಥವಾ ಸೈಬರ್ ಅಪರಾಧಗಳನ್ನು ನೋಡುವ ದಾವಣಗೆರೆಯ ಸಿಇಎನ್ ಠಾಣೆ.

ಇಲ್ಲಿ ಜನರನ್ನು ತಡೆಯುವುದು ದೂರವಲ್ಲ, ನಾಚಿಕೆ. "ಇಷ್ಟು ಓದಿದೋನು ಮೋಸ ಹೋದ್ನಂತೆ" ಎಂದು ಊರು ಆಡಿಕೊಳ್ಳುತ್ತದೆಂದು ಎಷ್ಟೋ ಜನ ಮನೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ನ್ಯಾಮತಿಯಲ್ಲಿ ಬಂಗಾರ ಹೋದಾಗ ಅಡವಿಟ್ಟವರನ್ನು ಯಾರೂ ದಡ್ಡರೆನ್ನಲಿಲ್ಲ. ಗುರುತು ಕಳೆದುಕೊಂಡವರೂ ಅವರಂತೆಯೇ ಕಳ್ಳತನಕ್ಕೆ ಸಿಕ್ಕವರು, ತಪ್ಪಿತಸ್ಥರಲ್ಲ. ತನ್ನ ಮಾಹಿತಿ ತನ್ನದೆಂದು ಕೇಳುವ ಹಕ್ಕು ಈ ದೇಶದ ಪ್ರಜೆಗಿದೆ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿಯನ್ನು ಒಯ್ದಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು.

ಮುಂದಿನ ಸಂತೆಯ ದಿನ ಪೇಟೆಗೆ ಹೋಗುವವರು ಚೀಲದಲ್ಲಿ ಪಾಸ್‌ಬುಕ್ ಇಟ್ಟುಕೊಂಡು ಹೋಗಲಿ. ಎಂಟ್ರಿ ಮಾಡಿಸಿ, ಎಇಪಿಎಸ್ ಎಂಬ ನಾಲ್ಕಕ್ಷರ ಎಲ್ಲೆಲ್ಲಿದೆ ನೋಡಿ, ಆ ದಿನ ತಾವು ಬೆರಳಿಟ್ಟದ್ದು ನೆನಪಿದೆಯೋ ಎಂದು ಒಂದೊಂದೇ ಸಾಲಿಗೆ ಗುರುತು ಹಾಕಲಿ. ನೆನಪಿಗೆ ಬಾರದ ಸಾಲು ಒಂದೇ ಒಂದು ಸಿಕ್ಕರೂ, ಬ್ಯಾಂಕಿನ ಮೆಟ್ಟಿಲು ಇಳಿಯುವ ಮೊದಲು 1930ಕ್ಕೆ ಕರೆ ಮಾಡಲಿ.